ಕಡೇ ಚೆಂಬು

ಗೊಬ್ಬರದ ಚೀಲ ಕೊಟ್ಟಳು ಕಣ್ರೀ. ಯೂರಿಯಾ ಚೀಲ. ಹೊಲಿಗೆ ಬಿಚ್ಚಿ ಅಗಲ ಮಾಡಿ ಜಗಲಿ ಮೇಲೆ ಎಸೆದು, ನಿನ್ನ ಕೂಸನ್ನ ಇದರ ಮೇಲೆ ಮಲಗಿಸ್ಕೊ ಅಂದಳು ಜವರಮ್ಮ. ಅಂದರು ಅನ್ನಬೇಕಂತೆ, ದೊಡ್ಡ ಮನೆಯೋರಂತೆ. ಅನ್ನಾಕಿಲ್ಲ. ಎದೆ ಕೊಯ್ದು ಹೃದಯ ಸರಿಮಾಡಿ ಮತ್ತೆ ಹೊಲಿದಿರೋ ಹಸುಗೂಸನ್ನ ಗೊಬ್ಬರದ ಚೀಲದ ಮೇಲೆ ಹಾಕು ಅಂದವಳಿಗೆ ನನ್ನ ಬಾಯಲ್ಲಿ ಮರ್ಯಾದೆ ಬರಾಕಿಲ್ಲ.

ಒಳಗೆ ಚಾಪೆ ಇದ್ದವು. ಹಸಿರು, ನೀಲಿ, ಮೆತ್ತಗಿನ ರಬ್ಬರ್ ಚಾಪೆ. ಅವು ಅವಳವೂ ಅಲ್ಲ, ಮೈಸೂರಿನ ಆಸ್ಪತ್ರೆಯೋರು ಕೊಟ್ಟವು. ಹಾಲ್ ಮಾತ್ರ ಅವಳ ಮನೇದು. ನಮ್ಮೂರು ನರಸೀಪುರದಿಂದ ಮೂಗೂರಿಗೆ ಹೋಗೋ ದಾರೀಲಿ ಅದೆ. ರೋಡ್ ಪಕ್ಕದಲ್ಲೇ ಅವರ ಕಲ್ಯಾಣ ಮಂಟಪ. ಹುಟ್ಟುತ್ಲೇ ಹೃದಯದ ಆಪರೇಷನ್ ಆದ ಕೂಸುಗಳಿಗೆ ಮೆಲ್ಲಗೆ ಕೈಕಾಲು ಆಡಿಸೋ ವ್ಯಾಯಾಮ ಮಾಡಿಸೋಕೆ ಆಸ್ಪತ್ರೆಯಿಂದ ಒಬ್ಬ ಮೇಡಂ ಮಂಗಳವಾರ ಮಂಗಳವಾರ ಅಲ್ಲಿಗೆ ಬತ್ತಿದ್ಲು. ತಲಕಾಡು ಕಡೆಯೋರು, ಮೂಗೂರು ಕಡೆಯೋರು, ಆರೇಳು ಜನ ತಾಯಂದ್ರು ಬಸ್ಸಲ್ಲಿ ಕೂಸು ಎತ್ಕಂಡು ಬತ್ತಿದ್ರು. ನಾನು ಇದೇ ಊರ ಕೇರಿಯವಳು, ನಡ್ಕಂಡು ಹೋಯ್ತಿದ್ದೆ.

ಎಲ್ಲರಿಗಿಂತ ಮೊದಲು ಬರೋಳು ನಾನೇ ಆದ್ದರಿಂದ ಹಾಲ್ ಗುಡಿಸೋದು ನನ್ನ ಪಾಲಿಗೆ ಬಂತು. ಹೆಂಗೂ ಬೇಗ ಬತ್ತೀಯಲ್ಲ, ಒಂದು ಕಸ ಹೊಡ್ದು ಬುಡು ಅಂದ್ಲು ಜವರಮ್ಮ. ಒಂದು ಕಸವಂತೆ. ಮದುವೆ ಆದ ಮಾರನೇ ದಿನ ಬಂದು ನೋಡಿ. ಎಲೆ ಚೂರು, ಕಾಲಿಗೆ ಮೆತ್ಕಳೋ ಅನ್ನದ ಅಗಳು, ಮೂಲೇಲಿ ಉಗುಳಿರೋ ಎಲೆ ಅಡಿಕೆ. ನನ್ನ ಹೊಟ್ಟೇನೂ ಕೊಯ್ದು ಹೆರಿಗೆ ಮಾಡಿದ್ರು, ಬಗ್ಗಿದಾಗ ಆ ಹೊಲಿಗೆ ಸೆಳೀತಿತ್ತು. ಕೂಸು ಜಗಲೀಲಿ ಚೀಲದ ಮೇಲೆ ಮಲಗಿರೋನು. ನಾನು ಗುಡಿಸಿ, ಒರೆಸಿ, ಸುತ್ತಿಟ್ಟಿದ್ದ ಚಾಪೆ ಬಿಡಿಸಿ ಸಾಲಾಗಿ ಹಾಸ್ತಿದ್ದೆ. ನಾನು ಹಾಸಿದ ಚಾಪೆ ಮೇಲೆ ನನ್ನ ಮಗ ಮಲಗಂಗಿರಲಿಲ್ಲ.

ಯಾಕೆ ಅಂತ ಮೊದಲ ದಿನವೇ ಕೇಳಿದೆ. ಅವಳು ಜಾತಿ ಹೆಸರು ಎತ್ತಲಿಲ್ಲ. ಈಗ ಯಾರೂ ಎತ್ತಾಕಿಲ್ಲ, ಕಾನೂನು ಅದೆ ಅಂತ ಅವರಿಗೂ ಗೊತ್ತು. ಇನ್‌ಫೆಕ್ಷನ್ ಅಂದ್ಲು. ಆಪರೇಷನ್ ಆದ ಕೂಸುಗಳು ಕಣಮ್ಮ, ನಿಮ್ಮ ಕೇರಿ ಕಡೆಯಿಂದ ಏನೇನು ಅಂಟ್ಕಂಡು ಬತ್ತದೋ, ತಪ್ಪು ತಿಳ್ಕಬೇಡ ಅಂದ್ಲು. ಎಷ್ಟು ನಯವಾಗಿ ಅಂತೀರಿ. ನಾನು ಪಿಯುಸಿ ಓದಿದೋಳು. ಇನ್‌ಫೆಕ್ಷನ್ ಅಂದ್ರೆ ಏನು ಅಂತ ನನಗೂ ಗೊತ್ತು, ಅದು ಬೀದಿ ನೋಡ್ಕಂಡು ಬರೋ ರೋಗ ಅಲ್ಲ.

ನನ್ನ ಮಗನ ಹೆಸರು ಸಿದ್ಧಾರ್ಥ. ನಮ್ಮನೇಲಿ ಬುದ್ಧನ ಪಟ, ಬಾಬಾಸಾಹೇಬರ ಪಟ ಬಿಟ್ರೆ ಬೇರೆ ಪಟ ಇಲ್ಲ. ಹುಟ್ಟಿದಾಗ ಅತ್ತ, ಆದ್ರೆ ಮೈ ನೇರಳೆ ಹಣ್ಣಿನ ಬಣ್ಣ. ನರಸೀಪುರದಿಂದ ಆಂಬುಲೆನ್ಸಲ್ಲಿ ಮೈಸೂರಿಗೆ ಒಯ್ದರು. ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳ ಅದಲು ಬದಲಾಗಿ ಹುಟ್ಟವೆ, ಬಿಚ್ಚಿ ಸರಿಯಾಗಿ ಜೋಡಿಸಬೇಕು ಅಂದ್ರು. ನನ್ನ ಗಂಡ ರವಿಕುಮಾರ್ ನಂಜನಗೂಡಿನ ಫ್ಯಾಕ್ಟರೀಲಿ ಲೋಡಿಂಗ್ ಕೆಲಸದೋನು, ಮೂಟೆ ಹೊತ್ತು ಹೊತ್ತು ಕಲ್ಲಾಗಿರೋ ಆಳು. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕುಂತ್ಕಂಡು ಗೊಳೋ ಅಂತ ಅತ್ತ.

ಆ ಆಸ್ಪತ್ರೆಲೇ ಚೈತ್ರ ಸಿಕ್ಕಿದ್ದು. ಜವರಮ್ಮನ ಸೊಸೆ. ಸುತ್ತೂರು ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ಹುಡುಗಿ. ಒಂದೇ ಊರಲ್ಲಿದ್ರೂ ಅಲ್ಲೀವರೆಗೆ ನಾವಿಬ್ರು ಒಂದು ಮಾತಾಡಿದೋರಲ್ಲ. ಅವಳದು ಹೆಣ್ಣು ಕೂಸು, ಅದಕ್ಕೂ ಹೃದಯದ ಆಪರೇಷನ್ನು. ತಾಯಂದ್ರಿಗೆ ಅಂತ ಒಂದು ಕೋಣೆ, ನೆಲದ ಮೇಲೆ ಒಂದೇ ಉದ್ದ ಜಮಖಾನ. ಇಬ್ರೂ ಅಕ್ಕಪಕ್ಕ ಮಲಗಿದ್ವಿ. ನನ್ನ ಡಬ್ಬೀಲಿದ್ದ ಮುದ್ದೆ ಅವಳು ತಿಂದ್ಲು, ಅವಳ ಇಡ್ಲಿ ನಾನು ತಿಂದೆ. ರೋಜಕ್ಕ, ರೋಜಕ್ಕ ಅಂತ ಬಾಯಿ ತುಂಬ ಕರೀತಿದ್ಲು.

ಮಂಗಳವಾರ ಬರೋ ಭಾನುಪ್ರಿಯಾ ಮೇಡಂ ಅಲ್ಲೇ ನಮಗೆ ಎಲ್ಲ ಕಲಿಸಿದ್ದು. ಚಿಕ್ಕ ವಯಸ್ಸಿನೋಳು, ಮೆತ್ತಗೆ ಮಾತಾಡೋಳು. ಮೊದಲ ಪಾಠ ಕೈ ತೊಳಿಯೋದು. ದೊಡ್ಡ ಡಾಕ್ಟರೇ ಆಗ್ಲಿ, ಕಸ ಹೊಡೆಯೋರೇ ಆಗ್ಲಿ, ಕೈ ತೊಳೀದೆ ಕೂಸು ಇರೋ ಕೋಣೆ ಬಾಗಿಲು ದಾಟಂಗಿಲ್ಲ. ಆಮೇಲೆ ಕೂಸನ್ನ ಎತ್ತೋದು. ಕಂಕುಳಿಗೆ ಕೈ ಹಾಕಿ ಎತ್ತಿದ್ರೆ ಎದೆ ಮೂಳೆ ಜಗ್ಗುತ್ತೆ, ತಲೆ ಕೆಳಗೆ ಒಂದು ಅಂಗೈ, ಕುಂಡೆ ಕೆಳಗೆ ಒಂದು ಅಂಗೈ, ಮೊರದಲ್ಲಿ ಅಕ್ಕಿ ಎತ್ತಿದಂಗೆ ಎತ್ತಬೇಕು. ಕಾಲನ್ನ ಮಡಿಸಿ ಬಿಡಿಸಬೇಕು. ತೋಳನ್ನ ಭುಜದ ಮಟ್ಟಕ್ಕೆ ಮಾತ್ರ ತರಬೇಕು. ಮಾತಾಡಿಸ್ತಾ ಮಾತಾಡಿಸ್ತಾ ಕತ್ತನ್ನ ಆ ಕಡೆ ಈ ಕಡೆ ತಿರುಗೋ ಹಂಗೆ ಮಾಡಬೇಕು. ಹಣೆ ಬೆವೆತ್ರೆ, ತುಟಿ ನೀಲಿಗೆ ತಿರುಗಿದ್ರೆ ನಿಲ್ಲಿಸಿಬಿಡಬೇಕು.

ಚೈತ್ರಂಗೆ ಕೈ ಬತ್ತಾ ಇರಲಿಲ್ಲ. ಆ ಎದೆ ಹೊಲಿಗೆ ಕಂಡ್ರೆ ಕೈ ಹಿಂದಕ್ಕೆ ಎಳ್ಕಳೋಳು. ನನ್ನ ಕೂಸೇ ನನಗೆ ಮುಟ್ಟೋಕೆ ಹೆದ್ರಿಕೆ ಕಣಕ್ಕ ಅಂತ ಅಳೋಳು. ಆಗ ನಾನು ಅವಳ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟು ಅವಳ ಮಗಳನ್ನ ಎತ್ತಿಸ್ತಿದ್ದೆ. ದಿನಾ ಎತ್ತಿಸ್ತಾ ಎತ್ತಿಸ್ತಾ ಒಂದಿನ ಸುಮ್ಕೆ ನನ್ನ ಕೈ ತಕಂಡುಬುಟ್ಟೆ, ಅವಳಿಗೆ ಗೊತ್ತೇ ಆಗಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟು ಕಲ್ತ ಹುಡುಗಿ ಅದು. ಊರಿಗೆ ಬಂದ ಮೊದಲ ಮಂಗಳವಾರ, ಜಗಲೀಲಿ ಚೀಲದ ಮೇಲೆ ಕುಂತಿದ್ದ ನನ್ನ ಮುಂದೆಯೇ ಕಾರಿಳಿದು ಒಳಕ್ಕೆ ಹೋದ್ಲು. ತಲೆ ಎತ್ತಲಿಲ್ಲ. ರೋಜಕ್ಕ ಆಸ್ಪತ್ರೇಲೇ ಉಳ್ಕಂಡ್ಲು ಅಂತ ಕಾಣ್ತದೆ.

ನನ್ನ ಹೊಟ್ಟೆ ಉರಿಯೋಕೆ ಇನ್ನೊಂದು ಕಾರಣ ಅದೆ. ನಮ್ಮತ್ತೆ ಗೋವಿಂದಮ್ಮ. ಊರಿನ ದೊಡ್ಡ ಮನೆ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕೋಳು ಅವಳೇ. ಜವರಮ್ಮನ ಮಗ ನಂಜೇಶನ್ನ ಕಾಲ ಮೇಲೆ ಮಲಗಿಸ್ಕಂಡು ನೀರು ಹಾಕಿದೋಳು, ಈಗ ಅವನ ಮಗಳಿಗೂ ಹಾಕೋಳು. ಗಾಯ ಮಾಗಿ ಡಾಕ್ಟರು ಸ್ನಾನಕ್ಕೆ ಒಪ್ಪಿದ ದಿನದಿಂದ, ಬೆಳಗಾದ್ರೆ ಹಿತ್ತಲ ಬಾಗಿಲಿಂದ ಹೋಗೋಳು. ಮುಂಬಾಗಿಲಿಂದ ಹೋಗಂಗಿಲ್ಲ. ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕಾಲು ನೀಡ್ಕಂಡು ಕುಂತ್ಕಂಡು, ಹದವಾಗಿ ಎಣ್ಣೆ ಹಚ್ಚಿ, ಬಿಸಿನೀರು ಹಾಕೋಳು. ಕೂಸಿನ ಮೈಯ ಒಂದೊಂದು ಸಂದೂ ಅವಳ ಕೈ ಮುಟ್ಟಬೇಕು.

ಎಲ್ಲ ಮುಗಿದ ಮೇಲೆ ಜವರಮ್ಮ ಬತ್ತಾಳೆ. ಕೈಲಿ ಹಿತ್ತಾಳೆ ಚೆಂಬು. ಗೋವಿಂದಿ, ಕಡೇ ಚೆಂಬು ಅಂತಾಳೆ. ನಮ್ಮತ್ತೆ ಕೂಸನ್ನ ಕಲ್ಲಿನ ಮೇಲೆ ಬಟ್ಟೇಲಿ ಮಲಗಿಸಿ ದೂರ ಸರ್ಕಂಡು ನಿಲ್ಲಬೇಕು. ಜವರಮ್ಮ ಆ ಚೆಂಬಿನ ನೀರನ್ನ ಕೂಸಿನ ನೆತ್ತಿಯಿಂದ ಕಾಲ್ತನಕ ಹುಯ್ದು ಎತ್ಕಂಡು ಹೋಗಬೇಕು. ಮುಟ್ಟಿದ್ದು ಹೋಗ್ಲಿ ಅಂತ. ನಮ್ಮತ್ತೆ ಕೈಯ ಮೈಲಿಗೆ ಹೋಗ್ಲಿ ಅಂತ. ಅವರತ್ತೆ ಕಾಲದಿಂದ್ಲೂ ಇದೇ ನಡ್ಕಂಡು ಬಂದದೆ. ನಾನು ರೇಗಿದ್ರೆ ನಮ್ಮತ್ತೆ, ಒಂದು ಚೆಂಬು ನೀರಿಗೆ ಯಾಕವ್ವ ಜಗಳ, ಕೂಸು ತಣ್ಣಗೆ ನಿದ್ದೆ ಮಾಡ್ತದಲ್ಲ ಸಾಕು ಅನ್ನೋಳು. ಸುಮ್ಕಿರು, ನಾವು ಈ ಊರಲ್ಲೇ ಬಾಳಬೇಕು ಅನ್ನೋಳು. ಬಾಗಿ ಬಾಗಿ ಅವಳ ಬೆನ್ನೇ ಹಂಗೆ ಆಗ್ಬುಟ್ಟದೆ.

ದಿನಾ ಬೆಳಗ್ಗೆ ಜವರಮ್ಮನ ಮೊಮ್ಮಗಳ ಮೈ ತುಂಬ ಓಡಾಡೋ ಕೈ ಇದು. ಆ ಕೈಯೋಳ ಮೊಮ್ಮಗ ಮಂಗಳವಾರ ಚಾಪೆ ಮೇಲೆ ಮಲಗಿದ್ರೆ ಇನ್‌ಫೆಕ್ಷನ್. ಇದನ್ನ ಯಾರಿಗಾದ್ರೂ ಹೇಳಿದ್ರೆ ನಗಬೇಕು, ಆದ್ರೆ ನಮ್ಮೂರಲ್ಲಿ ಯಾರೂ ನಗಾಕಿಲ್ಲ.

ಬರೀ ಮರ್ಯಾದೆ ಪ್ರಶ್ನೆ ಆಗಿದ್ರೆ ನಾನೂ ಹಲ್ಲು ಕಚ್ಕಂಡು ಇದ್ದುಬಿಡ್ತಿದ್ದೆ. ನಮಗೆ ಅಭ್ಯಾಸ. ಆದ್ರೆ ಸಿದ್ಧಾರ್ಥನ ಕತ್ತು ಬಲಕ್ಕೇ ಇರ್ತಿತ್ತು. ಎಡಕ್ಕೆ ತಿರುಗ್ತಿರಲಿಲ್ಲ. ಬಲಗೈನ ಎದೆಗೆ ಅವುಚ್ಕಂಡು, ಭುಜ ಮೇಲಕ್ಕೆ ಎಳ್ಕಂಡು ಮಲಗೋನು, ಗಾಯವ ತಾನೇ ಕಾಯ್ಕಳೋ ಥರ. ಇನ್ನ ಇವನನ್ನ ಬೋರಲು ಮಲಗಿಸೋಕೆ ಶುರು ಮಾಡಬೇಕು, ಇಲ್ಲದಿದ್ರೆ ಭುಜ, ಕತ್ತು ಹಂಗೇ ಬಿಗೀತವೆ ಅಂತ ಮೇಡಂ ಫೋನಲ್ಲಿ ಹೇಳಿದ್ಲು. ಆದ್ರೆ ಮೊದಲ ಸಲ ನಾನೇ ಮಾಡಿಸಬೇಕು, ಉಸಿರು ನೋಡಬೇಕು, ನೀವು ಮನೇಲಿ ಮಾಡಬೇಡಿ ಅಂತಲೂ ಅಂದ್ಲು. ಹಂಗಾಗಿ ನನಗೆ ಬೇಕಾಗಿದ್ದು ಒಂದೇ. ಆ ಮೇಡಂ ಕೈ ನನ್ನ ಮಗನ ಮೇಲೆ ಬೀಳಬೇಕು.

ಬೀಳ್ತಿರಲಿಲ್ಲ. ಜವರಮ್ಮ ಅವಳಿಗೂ ಹೇಳಿದ್ಲು. ಆ ಜಗಲಿ ಕೂಸನ್ನ ಮುಟ್ಟಿ ನಮ್ಮ ಕೂಸುಗಳನ್ನ ಮುಟ್ಟಬೇಡಿ, ಅದನ್ನ ಕಡೇಗೆ ಇಟ್ಕಳಿ ಅಂತ. ಮೇಡಂ ಆಗ್ಲಿ ಅಂದ್ಲು. ಒಳಗೆ ಎಲ್ಲರದೂ ಮುಗಿಯೋ ಹೊತ್ತಿಗೆ ಅವಳ ಬಸ್ಸಿನ ಹೊತ್ತು ಆಗಿರೋದು. ಹೆಗಲಿಗೆ ಬ್ಯಾಗ್ ಹಾಕ್ಕಂಡು ಹೊಸಲು ಮೇಲೆ ನಿಂತ್ಕಂಡು, ಹೆಂಗಿದ್ದಾನೆ, ಕಾಲು ಆಡಿಸ್ತಿದ್ದೀರ ತಾನೆ, ಬೋರಲು ಮಲಗಿಸೋದು ಮುಂದಿನ ವಾರ ನೋಡೋಣ ಅನ್ನೋಳು. ಕಣ್ಣಲ್ಲಿ ನೀರು ಇಟ್ಕಂಡು ಅನ್ನೋಳು. ಆ ನೀರು ಕಟ್ಕಂಡು ನಾನೇನು ಮಾಡ್ಲಿ. ಜವರಮ್ಮನ ಮೇಲೆ ಬಂದ ಸಿಟ್ಟಿಗಿಂತ ಈ ಒಳ್ಳೆಯವಳ ಮೇಲೆ ನನಗೆ ಜಾಸ್ತಿ ಸಿಟ್ಟು ಬಂತು.

ಮುಂದಿನ ವಾರ, ಮುಂದಿನ ವಾರ ಅಂತ ವಾರಗಳು ಹೋದವು. ಒಂದು ಸೋಮವಾರ ಸಂಜೆ ಸಿದ್ಧಾರ್ಥನ ಎಡಗಡೆ ಕುಂತು ಕರೆದೆ. ಚಿನ್ನಿ, ಇಲ್ಲಿ ನೋಡ್ಲಾ ಅಂದೆ. ಕಣ್ಣು ಮಾತ್ರ ನನ್ನ ಕಡೆ ಹೊರಳಿಸ್ದ. ಕತ್ತು ಬರಲಿಲ್ಲ. ಅವ್ವನ್ನ ನೋಡಬೇಕು ಅಂತ ಕೂಸಿಗೆ ಆಸೆ, ಕತ್ತು ಬರಾಕಿಲ್ಲ. ಆಗ ನನ್ನೊಳಗೆ ಇದ್ದ ಅಭ್ಯಾಸ ಎಲ್ಲ ಸುಟ್ಟುಹೋಯ್ತು.

ಮಾರನೇ ದಿನ ಎಂದಿನಂಗೆ ಹೋದೆ. ಗುಡಿಸಿದೆ. ಒರೆಸಿದೆ. ಚಾಪೆ ಹಾಸಿದೆ. ಆಮೇಲೆ ಜಗಲಿಗೆ ಹೋಗಲಿಲ್ಲ. ಸಿದ್ಧಾರ್ಥನ್ನ ಎತ್ಕಂಡು ಬಂದು ನಡುಮಧ್ಯದ ನೀಲಿ ಚಾಪೆ ಮೇಲೆ ಮಲಗಿಸಿ ಪಕ್ಕದಲ್ಲಿ ಚಕ್ಕಂಬಕ್ಕಲ ಹಾಕ್ಕಂಡು ಕುಂತೆ. ಬಂದ ತಾಯಂದ್ರೆಲ್ಲ ಬಾಗಿಲಲ್ಲೇ ನಿಂತ್ರು. ಒಬ್ಬರ ಮುಖ ಒಬ್ಬರು ನೋಡಿದ್ರು. ಮೇಡಂ ಬಂದ್ಲು, ಅವಳೂ ನಿಂತ್ಲು. ಚೈತ್ರ ಮಗಳನ್ನ ಎತ್ಕಂಡು ಬಂದ್ಲು. ಅವಳ ಹಿಂದೆ ಜವರಮ್ಮ.

ಏನೇ ಇದು, ಎದ್ದೇಳು ಅಂದ್ಲು.

"ಏಳಾಕಿಲ್ಲ."

ಜವರಮ್ಮ ಮತ್ತೆ ಅದೇ ಎತ್ತಿದ್ಲು, ಇನ್‌ಫೆಕ್ಷನ್ ಆಯ್ತದೆ ಕಣೆ, ಕೂಸುಗಳ ಜೀವದ ಜೊತೆ ಆಟ ಆಡಬೇಡ ಅಂತ.

"ನನ್ನ ಮಗಂಗೂ ಎದೆ ಕೊಯ್ದವ್ರೆ," ಅಂದೆ. "ನಿಮ್ಮ ಕೂಸಿಂದ ನನ್ನ ಕೂಸಿಗೆ ಆಗದೆ ಇರೋ ಇನ್‌ಫೆಕ್ಷನ್ನು ನನ್ನ ಕೂಸಿಂದ ಮಾತ್ರ ಎಂಗೆ ಆಯ್ತದೆ? ಹೇಳಿ. ಮೇಡಂ ಇಲ್ಲೇ ಅವ್ರೆ. ಅವ್ರನ್ನೇ ಕೇಳಿ."

ಜವರಮ್ಮ ಕೇಳಲಿಲ್ಲ. ಕೇಳೋ ಪ್ರಶ್ನೆ ಆಗಿದ್ರೆ ತಾನೆ. ನಾನು ಮೇಡಂ ಕಡೆ ತಿರುಗಿದೆ. ಮುಟ್ಟಿ ಮೇಡಂ ಅಂದೆ. ಆಸ್ಪತ್ರೇಲಿ ದಿನಾ ಮುಟ್ತಿದ್ರಲ್ಲ, ಅದೇ ಕೂಸು, ಮುಟ್ಟಿ. ನೀವು ಮುಟ್ಟೋತನಕ ನಾನು ಇಲ್ಲಿಂದ ಏಳಾಕಿಲ್ಲ. ಪೊಲೀಸ್ ಕರೀತೀರೋ, ಊರು ಕರೀತೀರೋ, ಕರೀರಿ.

ಭಾನುಪ್ರಿಯಾ ಜವರಮ್ಮನ್ನ ನೋಡಿದ್ಲು. ಚೈತ್ರನ್ನ ನೋಡಿದ್ಲು. ಚೈತ್ರ ನೆಲ ನೋಡ್ತಿದ್ಲು. ಆಮೇಲೆ ಮೇಡಂ ಬ್ಯಾಗ್ ಕೆಳಗಿಟ್ಲು. ಬ್ಯಾಗಿಂದ ಬಾಟ್ಲಿ ತೆಗ್ದು ಎರಡೂ ಕೈಗೆ ಹಾಕಿ ಉಜ್ಕಂಡ್ಲು, ಬೆರಳ ಸಂದಿ, ಉಗುರು, ಮಣಿಕಟ್ಟು, ಆಸ್ಪತ್ರೇಲಿ ಮಾಡ್ತಿದ್ದ ಹಂಗೇ. ಮಂಡಿಯೂರಿ ಕುಂತ್ಲು. ಕೂಸಿನ ಮೈ ಮೇಲೆ ಕೈ ಇಟ್ಲು.

ಒಂದು ಟವಲ್ ಸುತ್ತಿ ಅವನ ಎದೆ ಕೆಳಗೆ ಬರೋ ಹಂಗೆ ಇಟ್ಟು, ಮೆಲ್ಲಗೆ ಹೊರಳಿಸಿದ್ಲು. ಸಿದ್ಧಾರ್ಥ ಮುಖ ಸಿಂಡರಿಸ್ದ. ಕಿರ್ರೋ ಅಂತ ಅತ್ತ. ಬಲಗೈ ಎದೆ ಕೆಳಗೆ ಸಿಕ್ಕಾಕ್ಕಂಡಿತ್ತು, ಅದನ್ನ ಬೆರಳಲ್ಲಿ ಬಿಡಿಸಿ ಮುಂದಕ್ಕೆ ತಂದ್ಲು. ಉಸಿರು ನೋಡಿದ್ಲು, ತುಟಿ ನೋಡಿದ್ಲು. ಪರವಾಗಿಲ್ಲ, ಕರೀರಿ ಅಂದ್ಲು ನನಗೆ. ನಾನು ಅವನ ಎಡಗಡೆ ನೆಲಕ್ಕೆ ಕೆನ್ನೆ ಕೊಟ್ಟು ಮಲಗ್ಕಂಡು ಕರೆದೆ. ಅವನು ತಿಣುಕಿದ. ಮೂಗು ಚಾಪೆಗೆ ಉಜ್ಜಿದ. ತಿರುಗ್ದ ಕಣ್ರೀ. ಎಡಕ್ಕೆ ತಿರುಗ್ದ. ನನ್ನ ಮೂಗಿನ ನೇರಕ್ಕೆ ಬಂದು ನೋಡ್ದ, ಮೂತಿ ತುಂಬ ಜೊಲ್ಲು. ನನಗೆ ಅಳು ಬಂತು, ಅತ್ಬುಟ್ಟೆ. ಅಷ್ಟು ಜನದ ಮುಂದೆ ಅಳೋಕೆ ನನಗೇನೂ ನಾಚಿಕೆ ಆಗಲಿಲ್ಲ.

ಮೇಡಂ ಅವನನ್ನ ಎತ್ತಿ ನನ್ನ ಕೈಗೆ ಕೊಟ್ಟ ಮೇಲೆ ಜವರಮ್ಮ ಹಿತ್ತಲ ಕಡೆ ತಿರುಗಿ, ಲೇ ಗೋವಿಂದೀ ಅಂತ ಕೂಗಿದ್ಲು. ನಮ್ಮತ್ತೆ ಅಲ್ಲೇ ಇದ್ಲು. ತಾಯಂದ್ರಿಗೆ ಬಿಸಿನೀರು ಕಾಯಿಸೋಕೆ ಅವಳನ್ನ ಮಂಗಳವಾರ ಅಲ್ಲಿಗೆ ಕರ್ಸ್ಕಳೋರು. ಸೆರಗಲ್ಲಿ ಕೈ ಒರೆಸ್ಕಂಡು ಬಂದು ಹಿಂಬಾಗಿಲ ಹತ್ರ ನಿಂತ್ಲು. ಜವರಮ್ಮ ನೀರು ತುಂಬಿದ ಚೆಂಬು ಅವಳ ಕೈಗೆ ತುರುಕಿದ್ಲು. ಆ ಚಾಪೆ ಎತ್ಕಂಡು ಹೋಗಿ ತೊಳ್ದು ಬಿಸಿಲಿಗೆ ಹಾಕು, ಉಳಿದೋರು ಮಲಗಿಸಬೇಕು ಅಂದ್ಲು.

ನಮ್ಮತ್ತೆ ಚಾಪೆ ನೋಡಿದ್ಲು. ಅದರ ಮೇಲೆ ಸಿದ್ಧಾರ್ಥನ ಜೊಲ್ಲು ಇನ್ನೂ ಆರಿರಲಿಲ್ಲ. ನನ್ನ ಕೈಲಿದ್ದ ಮೊಮ್ಮಗನ್ನ ನೋಡಿದ್ಲು. ಅವಳು ತೊಳೀತಾಳೆ ಅಂದ್ಕಂಡೆ ನಾನು. ತೊಳಿಯೋದೇ ಅವಳ ಬಾಳು. ಮದುವೆ ಎಂಜಲು ತೊಳ್ದವಳೆ, ಅವರ ಮನೆ ಬಾಣಂತಿ ಬಟ್ಟೆ ತೊಳ್ದವಳೆ. ಈಗ ತೊಳ್ದುಬಿಟ್ರೆ ಎಲ್ಲ ಮುಗೀತು. ಅವಳು ಬಗ್ಗಿದ್ಲು. ಬಗ್ಗಿ ಚೆಂಬನ್ನ ನೆಲದ ಮೇಲೆ ಇಟ್ಲು.

"ತೊಳೆಯಾಕಿಲ್ಲ ಅಮ್ಮೋರೆ."

ಏನಂದೆ ಅಂದ್ಲು ಜವರಮ್ಮ.

"ನನ್ ಮೊಮ್ಮಗ ಮಲಗಿದ ಜಾಗವ ನಾನು ತೊಳೆಯಾಕಿಲ್ಲ. ನಾಳಿಂದ ನೀರಾಕಕ್ಕೂ ಬರಾಕಿಲ್ಲ."

ಅಷ್ಟೇ ಅಂದ್ಲು. ಅಂದು, ಹಿಂಬಾಗಿಲಿಂದ ಅಲ್ಲ, ಹಾಲ್ ನಡುವಿಂದ ಹಾದು ಮುಂಬಾಗಿಲಿಂದ ಆಚೆಗೆ ಹೋದ್ಲು. ನಾನೂ ಅವಳ ಹಿಂದೆ ಹೋದೆ. ಹೊಸಲು ದಾಟಿದ ಮೇಲೆ ನಮ್ಮತ್ತೆ ಜಗಲಿ ಕಂಬ ಹಿಡ್ಕಂಡು ಕುಂತ್ಲು. ಏನು ಮಾಡ್ಬುಟ್ಟೆ ಕಣವ್ವ ನಾನು ಅಂದ್ಲು. ನಾನು ಆ ಯೂರಿಯಾ ಚೀಲ ತಕಂಡು ಮುದುರಿ ಮೋರಿಗೆ ಎಸೆದೆ.

ಜವರಮ್ಮ ಅವತ್ತೇ ಹಾಲ್‌ಗೆ ಬೀಗ ಜಡಿದ್ಲು. ಇನ್ನ ಇಲ್ಲಿ ಕ್ಲಾಸು ಗೀಸು ಏನೂ ಇಲ್ಲ ಅಂದ್ಲು. ತಾಯಂದ್ರೆಲ್ಲ ಕೂಸು ಎತ್ಕಂಡು ರೋಡಿಗೆ ಬಂದ್ರು. ಅವರ ಸಿಟ್ಟು ಬೀಗ ಹಾಕಿದೋಳ ಮೇಲೆ ಬರಲಿಲ್ಲ, ನನ್ನ ಮೇಲೆ ಬಂತು. ನಿನ್ನ ಹಟಕ್ಕೆ ನಮ್ಮ ಕೂಸುಗಳಿಗೂ ಇಲ್ಲದಂಗೆ ಆಯ್ತು, ಜಗಲೀಲಿ ಕುಂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಂತ ತಲಕಾಡು ಕಡೆಯ ಅರ್ಪಿತ ಬಾಯಿಗೆ ಬಂದಂಗೆ ಬೈದ್ಲು. ನಾನೂ ಬೈದೆ. ನಾನು ಜಗಲೀಲಿ ಕುಂತಿದ್ದಾಗ ನಿಮ್ಮ ಬಾಯಿ ಎಲ್ಲಿ ಹೋಗಿತ್ತು ಅಂದೆ. ಬಸ್ ಬಂತು, ಹತ್ಕಂಡು ಹೋದ್ಲು.

ಮಾರನೇ ಬೆಳಗ್ಗೆ ನಮ್ಮತ್ತೆ ನೀರು ಹಾಕಕ್ಕೆ ಹೋಗಲಿಲ್ಲ. ಆಳು ಬಂದು ಕರೆದ, ಹೋಗಲಿಲ್ಲ. ಅದರ ಮಾರನೇ ದಿನ ನಂಜೇಶನೇ ಬೈಕಲ್ಲಿ ಬಂದ. ಕೇರಿ ಬಾಯಲ್ಲೇ ನಿಲ್ಲಿಸ್ಕಂಡು ಹಾರನ್ ಹೊಡೆದ. ಇಳೀಲಿಲ್ಲ, ಎಂಜಿನ್ ಕೂಡ ಆರಿಸಲಿಲ್ಲ. ಇವಳ ಕಾಲ ಮೇಲೆ ಬೆತ್ತಲೆ ಮಲಗಿ ನೀರು ಹಾಕಿಸ್ಕಂಡ ಮಗ, ನೆಲಕ್ಕೆ ಕಾಲಿಡೋಕೆ ಆಗಲಿಲ್ಲ ಅವನ ಕೈಲಿ. ಹಾರನ್ ಹೊಡ್ದು ಹೊಡ್ದು ವಾಪಸ್ ಹೋದ. ನಮ್ಮತ್ತೆ ಬಾಗಿಲಲ್ಲಿ ಕುಂತು ಎರಡೂ ಕೈನ ಮಂಡಿ ಮೇಲೆ ಇಟ್ಕಂಡಿದ್ಲು. ಆ ಹೊತ್ತಿಗೆ ಎಣ್ಣೆ ಹಚ್ಚಿ ಅಭ್ಯಾಸ ಆಗಿರೋ ಕೈ, ಸುಮ್ಕೆ ಇರ್ತಿರಲಿಲ್ಲ. ಆ ಕೂಸು ಎಂಗದೋ ಏನೋ ಪಾಪ ಅಂದ್ಲು. ನಾನು ಸಿದ್ಧಾರ್ಥನ್ನ ತಂದು ಅವಳ ಕಾಲ ಮೇಲೆ ಮಲಗಿಸಿದೆ.

ಅವರು ಚೈತ್ರನ ಮಗಳನ್ನ ಕಾರಲ್ಲಿ ಮೈಸೂರಿಗೆ ಕರ್ಕಂಡು ಹೋದ್ರಂತೆ. ದಾರಿ ಉದ್ದಕ್ಕೂ ಅತ್ತು ಅತ್ತು ಬೆವೆತು, ತುಟಿ ನೀಲಿ ಮಾಡ್ಕಂಡಿತಂತೆ. ಇಷ್ಟು ದೂರ ಇದನ್ನ ಯಾಕೆ ತಂದ್ರಿ, ನಿಮ್ಮೂರಲ್ಲೇ ಮಾಡಿಸ್ತಿದ್ದಾರಲ್ಲ ಅಂತ ಡಾಕ್ಟರು ರೇಗಿದ್ರಂತೆ. ಇದನ್ನ ನನಗೆ ಹೇಳಿದ್ದು ಭಾನುಪ್ರಿಯಾ. ಫೋನ್ ಮಾಡಿದ್ಲು. ಹಾಲ್ ಇಲ್ವಲ್ಲ, ಏನು ಮಾಡೋದು ಅಂದ್ಲು. ನಮ್ಮ ಕೇರೀಲಿ ಅಂಬೇಡ್ಕರ್ ಭವನ ಅದೆ, ಅಲ್ಲಿ ಮಾಡಿ ಅಂದೆ. ಎಲ್ಲರೂ ಅಲ್ಲಿಗೆ ಬರ್ತಾರಾ ಅಂದ್ಲು.

"ಬರೋರು ಬರ್ಲಿ. ನೀವು ಬತ್ತೀರಾ ಅದನ್ನ ಹೇಳಿ."

ಬರ್ತೀನಿ ಅಂದ್ಲು.

ಮಂಗಳವಾರ ರವಿಕುಮಾರ್ ರಜಾ ಹಾಕಿದ. ಯಾಕೆ ಬೇಕಿತ್ತು ಇದೆಲ್ಲ ಅಂತ ಗೊಣಗಿದ್ದೋನು, ಅವತ್ತು ಪೊರಕೆ ಅವನೇ ಹಿಡ್ದ. ಮೇಡಂ ಆಸ್ಪತ್ರೆಯಿಂದ ಬೇರೆ ಚಾಪೆ ತಂದು ಹಾಸಿದ್ಲು. ಬಾಗಿಲ ಪಕ್ಕ ಒಂದು ಕೊಳದಪ್ಪಲೆ ತುಂಬ ಬಿಸಿನೀರು, ಸೋಪು, ಚೆಂಬು ಇಟ್ಟು ನಮ್ಮತ್ತೆನ ಸ್ಟೂಲ್ ಮೇಲೆ ಕೂರಿಸಿದೆ. ಆಸ್ಪತ್ರೆ ರೂಲ್ಸು ಇಲ್ಲೂ ಅದೇ, ಯಾರೇ ಬರ್ಲಿ ನಿನ್ನ ಚೆಂಬಲ್ಲಿ ಕೈ ತೊಳೀದೆ ಒಳಕ್ಕೆ ಬಿಡಬೇಡ ಅಂದೆ. ಮೊದಲು ನಾನೇ ತೊಳ್ಕಂಡೆ. ಮೇಡಂ ತೊಳ್ಕಂಡ್ಲು. ತಲಕಾಡು ಬಸ್ಸಲ್ಲಿ ಅರ್ಪಿತ ಬಂದ್ಲು. ಮುಖ ಊದಿಸ್ಕಂಡೇ ಬಂದ್ಲು, ಕೈ ತೊಳ್ಕಂಡು ಒಳಗೆ ಹೋಗಿ ಕೂಸನ್ನ ಮಲಗಿಸಿದ್ಲು. ಮತ್ತಿಬ್ಬರು ಬಂದ್ರು. ಉಳಿದೋರು ಬರಲಿಲ್ಲ. ಬರದಿದ್ರೆ ಬೇಡ.

ಆಮೇಲೆ ಕೇರಿ ಬಾಯಲ್ಲಿ ಕಾರು ನಿಂತ್ಕಂತು.

ಚೈತ್ರ ಇಳಿದ್ಲು, ಮಗಳನ್ನ ಎದೆಗೆ ಒತ್ಕಂಡು. ಹಿಂದಿನ ಬಾಗಿಲಿಂದ ಜವರಮ್ಮ ಇಳಿದ್ಲು. ಸೊಸೆ ಹಟ ಹಿಡಿದು ಕಾರು ಹತ್ತಿದ್ದಾಳೆ, ಒಬ್ಬಳನ್ನೇ ಇಲ್ಲಿಗೆ ಬಿಡೋಕೆ ಮನಸ್ಸು ಬಂದಿಲ್ಲ, ಅದಕ್ಕೆ ಬಂದವಳೆ. ಇಡೀ ಕೇರಿ ಬಾಗಿಲಿಗೆ ಬಂದು ನೋಡ್ತಿತ್ತು. ನಮ್ಮ ನೆಲದ ಮೇಲೆ ಆಕೆ ಕಾಲಿಟ್ಟಿದ್ದನ್ನ ನಮ್ಮ ಜನ ಇದೇ ಮೊದಲು ನೋಡಿದ್ದು.

ಚೈತ್ರ ಬಾಗಿಲಿಗೆ ಬಂದು, ರೋಜಕ್ಕ ಅಂದ್ಲು. ಕಪಾಳಕ್ಕೆ ಒಂದು ಬಿಗಿಯಬೇಕು ಅನ್ನಿಸ್ತು. ಈಗ ನೆನಪಾಯ್ತಾ ಅಕ್ಕ ಅನ್ನೋದು ಅಂದೆ. ಕೈ ತೊಳ್ಕೊ ಹೋಗು ಅಂದೆ. ಅವಳು ಕಣ್ಣು ತುಂಬ್ಕಂಡು ಮಗಳನ್ನ ನನ್ನ ಕಡೆ ನೀಡಿದ್ಲು. ತಲೆ ಕೆಳಗೆ ಒಂದು ಅಂಗೈ, ಕುಂಡೆ ಕೆಳಗೆ ಒಂದು ಅಂಗೈ, ಸರಿಯಾಗೇ ನೀಡಿದ್ಲು. ತಕಂಡೆ. ಕೂಸು ಇಳಿದೋಗಿತ್ತು. ಅದು ಏನು ತಪ್ಪು ಮಾಡ್ತು ಹೇಳಿ. ಚೈತ್ರ ನಮ್ಮತ್ತೆ ಮುಂದೆ ಬಗ್ಗಿ ಕೈ ತೊಳ್ಕಂಡು ಒಳಕ್ಕೆ ಬಂದ್ಲು.

ಜವರಮ್ಮ ಅವಳ ಹಿಂದೆಯೇ ನುಗ್ಗೋಕೆ ಬಂದ್ಲು. ನಮ್ಮತ್ತೆ ಕುಂತಲ್ಲಿಂದ ಎದ್ದು ಬಾಗಿಲಿಗೆ ಅಡ್ಡ ನಿಂತ್ಲು. ಕೈಲಿ ಚೆಂಬು.

"ಕೈ ನೀಡಿ ಅಮ್ಮೋರೆ. ಒಳಗೆ ಆಪರೇಷನ್ ಆದ ಕೂಸುಗಳವೆ."

ನೀನು ನನಗೆ ನೀರು ಹಾಕ್ತೀಯಾ ಅನ್ನೋ ಹಂಗೆ ನೋಡಿದ್ಲು ಜವರಮ್ಮ. ಮುಖ ಕೆಂಡವಾಗಿತ್ತು. ನಮ್ಮತ್ತೆ ಅಲ್ಲಾಡಲಿಲ್ಲ. ಬಾಗಿದ ಬೆನ್ನು ಬಾಗೇ ಇತ್ತು, ಆದ್ರೆ ಬಾಗಿಲು ಬಿಡಲಿಲ್ಲ. ಒಳಗೆ ಚೈತ್ರನ ಮಗಳನ್ನ ಮೇಡಂ ಬೋರಲು ಹಾಕಿದ್ಲು, ಅದು ಕಿಟಾರನೆ ಅಳೋಕೆ ಶುರು ಮಾಡ್ತು. ಅಜ್ಜಿಗೆ ತಡೆಯೋಕೆ ಆಗಲಿಲ್ಲ. ಕತ್ತು ಚಾಚಿ ಒಳಗೆ ನೋಡಿದ್ಲು, ಕಾಣಲಿಲ್ಲ. ಹಲ್ಲು ಕಚ್ಕಂಡು ಎರಡೂ ಕೈ ಮುಂದಕ್ಕೆ ನೀಡಿದ್ಲು.

ನಮ್ಮತ್ತೆ ಒಂದು ಚೆಂಬು ಹುಯ್ದು ಸೋಪು ಕೊಟ್ಲು. ಉಜ್ಜಿ, ಬೆರಳ ಸಂದಿ ಉಜ್ಜಿ ಅಂದ್ಲು. ಇನ್ನೊಂದು ಹುಯ್ದು ನೊರೆ ತೊಳೆಸಿದ್ಲು. ಜವರಮ್ಮ ಕೈ ಒದರಿ ಒಳಕ್ಕೆ ಕಾಲಿಡೋಕೆ ಹೋದ್ಲು.

ತಡೀರಿ ಅಂದ್ಲು ನಮ್ಮತ್ತೆ. ಬಗ್ಗಿ ಕೊಳದಪ್ಪಲೆಯಿಂದ ಮತ್ತೊಂದು ಚೆಂಬು ತುಂಬಿದ್ಲು.

"ಕಡೇ ಚೆಂಬು ನಂದು."

ಹುಯ್ದ್ಲು.